ಹಾರದೆ ಉಳಿದ ವಿಮಾನ

1928ರ ಜನವರಿ 3ರಂದು ಅಮೆರಿಕದ ಪೇಟೆಂಟು ಕಚೇರಿಯು ಎಪ್ಪತ್ತೊಂದು ವರ್ಷದ ವೃದ್ಧನೊಬ್ಬನಿಗೆ ಎರಡು ಪೇಟೆಂಟುಗಳನ್ನು ನೀಡಿತು. ನಿಂತ ನೆಲದಿಂದಲೇ ನೆಟ್ಟಗೆ ಮೇಲೇರಿ, ಅನಂತರ ಮುಂದಕ್ಕೆ ಬಾಗಿ, ವಿಮಾನದಂತೆ ವೇಗವಾಗಿ ಸಾಗುವ ವಾಹನವೊಂದರ ವಿವರ ಅವುಗಳಲ್ಲಿತ್ತು. ಆ ವೃದ್ಧನೇ ನಿಕೋಲಾ ಟೆಸ್ಲಾ. ಅಮೆರಿಕದಲ್ಲಿ ಅವನು ಪಡೆದ ಕಡೆಯ ಪೇಟೆಂಟುಗಳು ಇವೇ.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾಕ್ಕೆ ಸೇರಿದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ತಂದೆ ಸರ್ಬಿಯನ್ ಪಂಥದ ಪಾದ್ರಿ. ತಾಯಿ ಮನೆಗೆಲಸದ ಸಲಕರಣೆಗಳನ್ನು ತಾನೇ ಮಾಡಿಕೊಳ್ಳಬಲ್ಲ ಜಾಣೆ. 1884ರಲ್ಲಿ ನ್ಯೂಯಾರ್ಕಿಗೆ ಬಂದ ಟೆಸ್ಲಾ ಕೆಲಕಾಲ ಎಡಿಸನ್ನನ ಸಂಸ್ಥೆಯಲ್ಲಿ ದುಡಿದನು. ಪರ್ಯಾಯ ವಿದ್ಯುತ್ತಿನಿಂದ ತಿರುಗುವ ಅವನ ಮೋಟಾರಿನ ಪೇಟೆಂಟುಗಳನ್ನು 1888ರಲ್ಲಿ ವೆಸ್ಟಿಂಗ್‌ಹೌಸ್ ಸಂಸ್ಥೆಯು ಪಡೆದುಕೊಂಡಿತು. 1896ರಲ್ಲಿ ನಯಾಗರದ ವಿದ್ಯುತ್ತು ಬಫಲೋ ನಗರವನ್ನು ಮುಟ್ಟಿತು. ಆರು ವರ್ಷಗಳ ತರುವಾಯ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದೂ ಅದೇ ಬಗೆಯ ಪ್ರವಾಹವೇ.

ಕೀರ್ತಿ ಬಂದಿತು, ಸಂಪತ್ತು ನಿಲ್ಲಲಿಲ್ಲ. ತಂತಿಯ ನೆರವಿಲ್ಲದೆ ಲೋಕಕ್ಕೆಲ್ಲ ಸಂದೇಶವನ್ನೂ ಶಕ್ತಿಯನ್ನೂ ಕಳುಹಿಸಬೇಕೆಂದು 1901ರಲ್ಲಿ ಅವನು ಕಟ್ಟಿಸತೊಡಗಿದ ವಾರ್ಡನ್‌ಕ್ಲಿಫ್ ಗೋಪುರಕ್ಕೆ ಧನಿಕ ಮಾರ್ಗನ್ ಮುಂದೆ ಹಣ ಕೊಡಲಿಲ್ಲ. 1917ರಲ್ಲಿ ಆ ಗೋಪುರವನ್ನು ಕೆಡವಲಾಯಿತು.

ಈ ನಡುವೆ ಟೆಸ್ಲಾನ ಮನಸ್ಸು ಹಾರಾಟದತ್ತ ಹೊರಳಿತ್ತು. ವಿಮಾನಕ್ಕೆ ಓಡಲು ಉದ್ದನೆಯ ಬಯಲು ಬೇಕು. ನೆಟ್ಟಗೆ ಏರುವ ಯಂತ್ರಕ್ಕೆ ಬಯಲು ಬೇಡ. ಆದರೆ ಅದರ ಭಾರವನ್ನೆಲ್ಲ ತಿರುಗುವ ಅಲಗುಗಳೇ ಹೊರಬೇಕಾದುದರಿಂದ ಮುಂದೆ ಸಾಗುವಾಗ ಶಕ್ತಿ ವ್ಯರ್ಥವಾಗುತ್ತದೆ. ಎರಡರ ಗುಣಗಳನ್ನೂ ಒಂದುಗೂಡಿಸುವುದು ಅವನ ಹಂಚಿಕೆ. ಏರುವಾಗ ಪ್ರೊಪೆಲ್ಲರು ಆಕಾಶಕ್ಕೆ ಮುಖಮಾಡಿರುತ್ತದೆ. ಎತ್ತರ ತಲುಪಿದ ಮೇಲೆ ಚಾಲಕನು ವಾಹನವನ್ನೇ ಮುಂದಕ್ಕೆ ಬಾಗಿಸುತ್ತಾನೆ. ವೇಗ ಹೆಚ್ಚಿದಂತೆ ಭಾರ ರೆಕ್ಕೆಗಳ ಮೇಲೆ ಬೀಳುತ್ತದೆ. ಒಳಗೆ ಕುಳಿತವರು ಉರುಳದಂತೆ ಆಸನಗಳೂ ತಿರುಗಿಕೊಳ್ಳುತ್ತವೆ. ಇದಕ್ಕೆ ಬೇಕಾದುದು ಕಡಿಮೆ ತೂಕದ, ಹೆಚ್ಚು ಬಲದ ಎಂಜಿನು. ಅಲಗುಗಳಿಲ್ಲದೆ ಬರಿಯ ತಟ್ಟೆಗಳಿಂದ ತಿರುಗುವ ತನ್ನ ಟರ್ಬೈನು ಆ ಕೆಲಸಕ್ಕೆ ಒದಗುವುದೆಂದು ಅವನು ನಂಬಿದ್ದನು. 1913ರಲ್ಲೇ ಅದಕ್ಕೆ ಪೇಟೆಂಟು ದೊರೆತಿತ್ತು.

ವಿಮಾನ ಮಾತ್ರ ಕಾಗದದಲ್ಲೇ ಉಳಿಯಿತು. ಹೋಟೆಲಿನ ಬಾಡಿಗೆಯನ್ನೇ ತೆರಲಾಗದೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವನಿಗೆ ವಿಮಾನ ಕಟ್ಟುವ ಹಣ ಎಲ್ಲಿಂದ ಬರಬೇಕು?

ಅವನ ಕಾಲಾನಂತರ ಅಂಥದೇ ಪ್ರಯತ್ನಕ್ಕೆ ಅಮೆರಿಕದ ಸೇನೆಯ ಹಣ ಒದಗಿತು. 1954ರಲ್ಲಿ ಬಾಲದ ಮೇಲೆ ನಿಂತು ಏರುವ ಪೋಗೋ ವಿಮಾನ ಹಾರಿತು. ಚಾಲಕನು ಭುಜದ ಮೇಲಿಂದ ಹಿಂದಿರುಗಿ ನೋಡುತ್ತ ಅದನ್ನು ಇಳಿಸಬೇಕಾಗಿತ್ತು. ಇಡೀ ವಿಮಾನವನ್ನು ಬಾಗಿಸುವ ಬದಲು ರೆಕ್ಕೆಯ ತುದಿಯ ರೋಟರುಗಳನ್ನು ಮಾತ್ರ ಬಾಗಿಸುವ ಬೆಲ್ ಸಂಸ್ಥೆಯ ಎಕ್ಸ್‌ವಿ-3, 1958ರಲ್ಲಿ ಪೂರ್ಣ ಪರಿವರ್ತನೆಯನ್ನು ಸಾಧಿಸಿತು. ಎಕ್ಸ್‌ವಿ-15 1977ರಲ್ಲೂ, ಬೆಲ್ ಮತ್ತು ಬೋಯಿಂಗ್ ಕೂಡಿ ಕಟ್ಟಿದ ಆಸ್ಪ್ರೆ 1989ರಲ್ಲೂ, ವೇಲರ್ 2017ರಲ್ಲೂ ಮೊದಲ ಬಾರಿಗೆ ಹಾರಿದವು.

ಇವುಗಳಿಗೆಲ್ಲ ಟೆಸ್ಲಾನೇ ಜನಕನೆನ್ನುವುದು ಅತಿಶಯೋಕ್ತಿ. ಹಗುರವಾದ ಟರ್ಬೈನು ಬೇಕೆಂಬ ಅವನ ಮಾತು ನಿಜವಾಯಿತು. ಆದರೆ ಆಸ್ಪ್ರೆಯನ್ನು ಹಾರಿಸಿದ್ದು ಅವನ ತಟ್ಟೆಯ ಟರ್ಬೈನಲ್ಲ, ಅಲಗುಗಳುಳ್ಳ ಟರ್ಬೈನು. ಕಾಗದ ಕಲಿಸಲಾರದ ಪಾಠವೂ ಇತ್ತು. 2000ದ ಏಪ್ರಿಲಿನಲ್ಲಿ ಅರಿಜೋನಾದಲ್ಲಿ ಅತಿವೇಗವಾಗಿ ಇಳಿಯುತ್ತಿದ್ದ ಆಸ್ಪ್ರೆಯೊಂದು ತನ್ನ ರೋಟರಿನದೇ ಸುಳಿಗಾಳಿಗೆ ಸಿಕ್ಕಿ ಉರುಳಿತು. 19 ಮಂದಿ ಯೋಧರು ಮಡಿದರು. ಏರುವಿಕೆಗೂ ಸಾಗುವಿಕೆಗೂ ನಡುವಣ ಆ ಅಲ್ಪಾವಧಿಯನ್ನು ಟೆಸ್ಲಾ ಕೆಲವು ಸಾಲುಗಳಲ್ಲಿ ದಾಟಿದ್ದನು. ಅದನ್ನು ಗಾಳಿಯಲ್ಲಿ ದಾಟಲು ದಶಕಗಳೂ ಪ್ರಾಣಗಳೂ ಬೇಕಾದವು.

1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ ಕೋಣೆಯಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಟೆಸ್ಲಾ ಒಂಟಿಯಾಗಿ ತೀರಿಕೊಂಡನು. ಅವನ ಚಿತಾಭಸ್ಮ ಈಗ ಬೆಲ್‌ಗ್ರೇಡಿನ ವಸ್ತುಸಂಗ್ರಹಾಲಯದಲ್ಲಿ, ಹೊಂಬಣ್ಣದ ಗೋಲವೊಂದರಲ್ಲಿದೆ. ಕಾಣುವ ಶಕ್ತಿ ಅವನಿಗೆ ಧಾರಾಳವಾಗಿತ್ತು. ಕಟ್ಟಿ, ಕೆಡಿಸಿ, ಮತ್ತೆ ಕಟ್ಟುವ ಅವಕಾಶ ಮಾತ್ರ ಮುಪ್ಪಿನಲ್ಲಿ ಅವನಿಗೆ ದೊರೆಯಲಿಲ್ಲ.