ನಿಧಾನದ ಬಲ ಅರಿತ ಬೆಳಗಾವಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್

ಬೆಳಗಾವಿ ಎಂದೊಡನೆ ಕುಂದಾ, ಕೋಟೆ, ಗಡಿ ವಿವಾದ ನೆನಪಾಗುವುದು ಸಹಜ. ಆದರೆ ಯಂತ್ರೋದ್ಯಮವನ್ನು ಬಲ್ಲವರಿಗೆ ಇದು ಎರಕದ ಊರು, ವಾಹನಗಳ ಕ್ರ್ಯಾಂಕ್‌ಶಾಫ್ಟ್‌ಗಳನ್ನು ಕಡೆದು ಕೊಡುವ ಊರು. ಉದ್ಯಮಬಾಗ್‌ನ ಲೇತ್‌ಗಳ ಸದ್ದಿಗೂ ಬಹಳ ಹಿಂದೆ, 1888ರಲ್ಲಿ, ಈ ನಗರದ ಪುಟ್ಟ ಸೈಕಲ್ ಅಂಗಡಿಯೊಂದರಿಂದ ದೇಶದ ದೊಡ್ಡ ಉದ್ಯಮ ಸಮೂಹವೊಂದು ಮೊಳಕೆಯೊಡೆಯಿತು. ಅದರ ಸ್ಥಾಪಕರು ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್.

ಬಣ್ಣ ಕೈಕೊಟ್ಟಿತು, ಗೆರೆ ಕೈಹಿಡಿಯಿತು

ಲಕ್ಷ್ಮಣರಾವ್ ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗುವ ಹಂಬಲದಿಂದ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಕೆಲವು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ತಿಳಿಯದ ಕಾರಣ ವರ್ಣಚಿತ್ರ ಕೈಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಸಹೋದ್ಯೋಗಿಯೊಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು.

ನೌಕರಿಯಲ್ಲಿದ್ದಾಗಲೇ ಅವರು ಮುಂಬಯಿಯಲ್ಲಿ ಸೈಕಲ್ ಕೊಂಡು ಊರಿಗೆ ಕಳುಹಿಸುತ್ತಿದ್ದರು. ಸಹೋದರ ರಾಮುಅಣ್ಣ ಅವುಗಳನ್ನು ಮಾರಿ, ಕೊಂಡವರಿಗೆ ಓಡಿಸುವುದನ್ನೂ ಕಲಿಸುತ್ತಿದ್ದರು. ಇಂದಿನ ಎಂಜಿನ್ನಿನ ಮರ್ಮವೆಲ್ಲ ಆ ಸೈಕಲ್ಲಿನಲ್ಲೇ ಇತ್ತೆನ್ನಬಹುದು. ಪೆಡಲಿನ ತೋಳೇ ಕ್ರ್ಯಾಂಕ್. ಅದನ್ನು ಒತ್ತುವ ಸವಾರನ ಕಾಲೇ ಕನೆಕ್ಟಿಂಗ್ ರಾಡ್. ತೋಳು ಉದ್ದವಾದರೆ ಒತ್ತುವುದು ಹಗುರ, ಆದರೆ ಕಾಲು ದೊಡ್ಡ ಸುತ್ತು ಸುತ್ತಬೇಕು. ತೋಳು ಗಿಡ್ಡವಾದರೆ ಬೇಗ ತುಳಿಯಬಹುದು, ಆದರೆ ಏರಿನಲ್ಲಿ ದಮ್ಮು ಸಾಲದು.

ಎರಡು ವರ್ಷ ಕಾದ ನೇಗಿಲು

ಸೈಕಲ್ಲಿನಿಂದ ಅವರ ಗಮನ ಹೊಲದತ್ತ ಹೊರಳಿತು. ಬೆಳಗಾವಿಯಲ್ಲಿ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಮೇವಿನ ಯಂತ್ರದ ಭಾರವಾದ ಚಕ್ರ ಕೈಯ ಶಕ್ತಿಯನ್ನು ಕೂಡಿಟ್ಟುಕೊಂಡು, ಅಲಗು ಮೇವಿಗೆ ತಾಗಿದಾಗಲೂ ನಿಲ್ಲದೆ ತಿರುಗುತ್ತದೆ. ಕಬ್ಬಿಣ ತಾಗಿದರೆ ಮಣ್ಣು ವಿಷವಾದೀತೆಂಬ ಅಂಜಿಕೆಯಿಂದ ರೈತರು ನೇಗಿಲನ್ನು ಮುಟ್ಟಲಿಲ್ಲ. ಅದು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಯಂತ್ರ ಎಷ್ಟೇ ಜಾಣತನದ್ದಾದರೂ ರೈತನ ವಿಶ್ವಾಸ ಗಳಿಸದೆ ಬಾಳದು ಎಂಬುದಕ್ಕೆ ಈ ಕಾಯುವಿಕೆಯೇ ಸಾಕ್ಷಿ.

ಅಷ್ಟರಲ್ಲಿ ಪುರಸಭೆಯ ನಿರ್ಬಂಧಗಳಿಂದಾಗಿ ಬೆಳಗಾವಿಯ ಜಾಗವನ್ನೇ ಬಿಡಬೇಕಾಯಿತು. ಆಗ ನೆರವಾದವರು ಔಂಧ್ ಸಂಸ್ಥಾನದ ಅರಸರು. ಲೋಂಡಾ, ಖಾನಾಪುರ, ಬೆಳಗಾವಿ, ಮಿರಜ್ ಹಾದು ಪುಣೆಯತ್ತ ಸಾಗುವ ರೈಲು ಮಾರ್ಗದಲ್ಲೇ ಇದ್ದ ಕುಂಡಲ್ ರೋಡ್ ನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಅವರು ಒದಗಿಸಿದರು. ಪಾಪಾಸುಕಳ್ಳಿ, ನಾಗರಹಾವುಗಳಿಂದ ತುಂಬಿದ್ದ ಆ ನೆಲದಲ್ಲಿ, 25 ಕೆಲಸಗಾರರು ಮತ್ತು ಅವರ ಕುಟುಂಬಗಳೊಂದಿಗೆ, 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಓಟದ ಎಂಜಿನ್ ಬೇರೆ, ಹೊಲದ ಎಂಜಿನ್ ಬೇರೆ

ಅಮೆರಿಕದ ಎಂಐಟಿಯಲ್ಲಿ ಓದಿ ಬಂದ ಮಗ ಶಂತನುರಾವ್ ಉದ್ಯಮವನ್ನು ವಿಸ್ತರಿಸಿದರು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾದವು. ತಂದೆಯ ನೇಗಿಲು ಕಲಿಸಿದ ಪಾಠ ಈ ಡೀಸೆಲ್ ಎಂಜಿನ್‌ಗಳಲ್ಲಿಯೂ ಎದ್ದು ಕಾಣುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಚಿರಪರಿಚಿತವಾಗಿರುವ, ನಂತರದ ವರ್ಷಗಳ ಕಿರ್ಲೋಸ್ಕರ್ ಟಿವಿ-1 ಎಂಜಿನ್ನನ್ನೇ ನೋಡಬಹುದು. ಅದರ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 110 ಮಿ.ಮೀ. ಕನೆಕ್ಟಿಂಗ್ ರಾಡ್‌ನ ಉದ್ದ 234 ಮಿ.ಮೀ. ವೇಗ ನಿಮಿಷಕ್ಕೆ 1,500 ಸುತ್ತು. ಹೀರೋ ಹೋಂಡಾ ಸ್ಪ್ಲೆಂಡರ್ ಬೈಕಿನ ಸ್ಟ್ರೋಕ್ 49.5 ಮಿ.ಮೀ. ಮಾತ್ರ, ಅದು ಗರಿಷ್ಠ ಶಕ್ತಿ ನೀಡುವುದು 8,000 ಸುತ್ತುಗಳ ಆಸುಪಾಸಿನಲ್ಲಿ.

ಹೊಲದ ಎಂಜಿನ್ನೇಕೆ ಅಷ್ಟು ಓಡದು? ಪ್ರತಿ ಸುತ್ತಿಗೆ ಪಿಸ್ಟನ್ ಎರಡು ಬಾರಿ ನಿಂತು ದಿಕ್ಕು ಬದಲಿಸಬೇಕು. ಆ ಜಗ್ಗಾಟವನ್ನು ಸಹಿಸುವುದು ರಾಡ್ ಮತ್ತು ಕ್ರ್ಯಾಂಕ್. ವೇಗ ಎರಡು ಪಟ್ಟಾದರೆ ಜಗ್ಗುವ ಬಲ ನಾಲ್ಕು ಪಟ್ಟು. ಟಿವಿ-1 ಎಂಜಿನ್ನನ್ನು 8,000 ಸುತ್ತಿಗೆ ಏರಿಸಿದರೆ ಅದು ಸುಮಾರು 28 ಪಟ್ಟಾಗಿ, ರಾಡ್ ತುಂಡಾಗುವುದು ಖಚಿತ. ಆದ್ದರಿಂದಲೇ ಹೆಚ್ಚು ಸುತ್ತು ಬೇಕೆನ್ನುವವರು ಗಿಡ್ಡ ಸ್ಟ್ರೋಕ್, ಹಗುರ ಪಿಸ್ಟನ್, ಬಡಿದು ರೂಪಿಸಿದ ಉಕ್ಕಿನ ಕ್ರ್ಯಾಂಕ್ ಮತ್ತು ಹಗುರವಾದರೂ ಗಟ್ಟಿಯಾದ ರಾಡ್ ಆರಿಸುತ್ತಾರೆ.

ಉದ್ದ ರಾಡ್ ಕಡಿಮೆ ವಾಲುವುದರಿಂದ ಸಿಲಿಂಡರ್ ಗೋಡೆಯ ಸವೆತ ತಗ್ಗುತ್ತದೆ. ಆದರೆ ಎಂಜಿನ್ ಎತ್ತರವೂ ಭಾರವೂ ಆಗುತ್ತದೆ. ಕ್ರ್ಯಾಂಕ್, ಫ್ಲೈವ್ಹೀಲ್ ಹಗುರವಾದರೆ ವೇಗ ಥಟ್ಟನೆ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಇಂಧನ ಉರಿಯುವುದರಿಂದ, ನಡುವಿನ ಹೊತ್ತನ್ನು ದಾಟಿಸಲು ಭಾರದ ಚಕ್ರವೇ ಬೇಕು. ಮೇವಿನ ಯಂತ್ರದಲ್ಲಿ ಚಕ್ರ ಮಾಡಿದ ಕೆಲಸವೂ ಇದೇ.

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರನ್ನು ಹೊಲಕ್ಕೆ ಎತ್ತುವ ರೈತನಿಗೆ ಬೇಕಾದದ್ದು ಕ್ಷಣದ ಓಟವಲ್ಲ, ರಾತ್ರಿಯಿಡೀ ತಪ್ಪದ ಒಂದೇ ಲಯ. ಬೇಸಿಗೆಯ ನಡುವೆ ರಾಡ್ ಮುರಿದರೆ ಒಣಗುವುದು ಅವನ ಬೆಳೆ. ಅಲ್ಲಿ ನಿಧಾನವೆಂಬುದು ಯಂತ್ರದ ಕೊರತೆಯಲ್ಲ, ಅರಿತು ಮಾಡಿದ ಆಯ್ಕೆ.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರತಂದಿತು. ಅವರ ಕಾರ್ಖಾನೆಯನ್ನು ಬೆಳಗಾವಿ ಉಳಿಸಿಕೊಳ್ಳಲಿಲ್ಲ. ಆದರೂ ಕಬ್ಬಿಣ ಕಡೆಯುವ ಕಸುಬು ಮಾತ್ರ ಈ ಊರಿನಲ್ಲಿ ಬೇರುಬಿಟ್ಟಿದೆ.