ಅರಮನೆಗಿಂತ ದೊಡ್ಡದು ಅಳತೆಗೋಲು: ಶಿವಪ್ಪ ನಾಯಕ ಬಿಟ್ಟುಹೋದದ್ದು

ಮೈಸೂರು ಅರಮನೆ ನೋಡಿದವರಿಗೆ ಶಿವಮೊಗ್ಗದ ತುಂಗಾ ದಡದಲ್ಲಿರುವ ಶಿವಪ್ಪ ನಾಯಕನ ಅರಮನೆ ಸಪ್ಪೆ ಅನಿಸಬಹುದು. ಗೋಪುರ ಇಲ್ಲ, ದೀಪಾಲಂಕಾರ ಇಲ್ಲ. ದಪ್ಪ ಮರದ ಕಂಬಗಳು, ಕಮಾನುಗಳು, ನಡುವೆ ದರ್ಬಾರ್ ಹಾಲ್, ಅದರತ್ತ ಇಣುಕುವ ಮೇಲಂತಸ್ತಿನ ಕೋಣೆಗಳು, ಅಷ್ಟೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಸುತ್ತಮುತ್ತಲ ಊರುಗಳಿಂದ ತಂದ ಹಳೇ ಶಿಲ್ಪಗಳು ಅಲ್ಲಿವೆ.

ಆದರೆ ಈ ಕಟ್ಟಡದಿಂದ ಆತನನ್ನು ಅಳೆಯೋಕೆ ಹೋದರೆ ಲೆಕ್ಕ ತಪ್ಪುತ್ತೆ.

ಕೆಳದಿ ಸಂಸ್ಥಾನದ ಗದ್ದುಗೆಗೆ ಶಿವಪ್ಪ ನಾಯಕ ಬಂದದ್ದು 1645ರಲ್ಲಿ. ರಾಜಧಾನಿ ಇದ್ದದ್ದು ಶಿವಮೊಗ್ಗದಲ್ಲಲ್ಲ, ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ. 1660ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ್ದ. ಅಕ್ಕಿ, ಮೆಣಸಿನ ವ್ಯಾಪಾರದ ಮೇಲಿನ ಅವರ ಹಿಡಿತ ಸಡಿಲಿಸಿದ್ದ. ನೆಲೆ ಕಳೆದುಕೊಂಡ ವಿಜಯನಗರದ ಅರಸ ಮೂರನೇ ಶ್ರೀರಂಗನಿಗೆ ಆಶ್ರಯ ಕೊಟ್ಟಿದ್ದ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ, ಗೆಲ್ಲಲಿಲ್ಲ.

ಯುದ್ಧ ಎಲ್ಲ ರಾಜರೂ ಮಾಡಿದರು. ಇವನು ಬೇರೆಯಾಗೋದು 'ಶಿಸ್ತು' ಎಂಬ ಕಂದಾಯ ಪದ್ಧತಿಯಿಂದ. ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಹೊಲವನ್ನು ಸರ್ಕಾರದ ಖರ್ಚಿನಲ್ಲೇ 12 ವರ್ಷ ಬೆಳೆಸಿ, ಖರ್ಚೆಷ್ಟು, ಫಸಲೆಷ್ಟು ಅಂತ ಬರೆಸಿಟ್ಟ ಎನ್ನುತ್ತವೆ ಹಳೆಯ ಗೆಜೆಟಿಯರ್‌ಗಳು. ಜಮೀನನ್ನು 5 ದರ್ಜೆ ಮಾಡಿ, ಸರಾಸರಿ ತೆಗೆದು, ಉತ್ಪನ್ನದ ಮೂರನೇ ಒಂದು ಪಾಲನ್ನು ತೆರಿಗೆ ಅಂತ ನಿಗದಿ ಮಾಡಿದ. ತೋಟ ಅಳೆಯುವ ಕೋಲಿನ ಉದ್ದ ಇಕ್ಕೇರಿಯ ಅಘೋರೇಶ್ವರ ದೇಗುಲದ ಕಂಬಗಳ ನಡುವಿನ ಅಂತರ. ಅಂದರೆ ಅಳತೆ ಯಾವ ಅಧಿಕಾರಿಯ ಜೇಬಿನಲ್ಲೂ ಇರಲಿಲ್ಲ. ಊರೆಲ್ಲ ನೋಡಬಹುದಾದ ಕಲ್ಲಿನಲ್ಲಿತ್ತು.

ಹಾಗಂತ ಇದು ರಾಮರಾಜ್ಯ ಆಗಿರಲಿಲ್ಲ. ಮೂರನೇ ಒಂದು ಪಾಲು ಸಣ್ಣ ಮೊತ್ತವಲ್ಲ. ಆ ದುಡ್ಡಿನಿಂದಲೇ ಯುದ್ಧ ನಡೀತು. ಗದ್ದೆಯಲ್ಲಿ ಬೆವರು ಸುರಿಸಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೂ ಎಷ್ಟು ಕೊಡಬೇಕು ಅನ್ನೋದು ರೈತನಿಗೆ ಮೊದಲೇ ಗೊತ್ತಿರೋದು ಸಣ್ಣ ವಿಷಯವಲ್ಲ.

ಅದರ ಬೆಲೆ ಏನು ಅಂತ ಇಕ್ಕೇರಿ ಇರುವ ಅದೇ ಸಾಗರ ತಾಲ್ಲೂಕು 1951ರಲ್ಲಿ ತೋರಿಸಿತು. ಕಾಗೋಡಿನ ಗೇಣಿದಾರರು ತಿರುಗಿ ಬಿದ್ದದ್ದೇ ಅಳತೆಯ ಪ್ರಶ್ನೆಗೆ: ಭೂಮಾಲೀಕರು ಗೇಣಿ ಅಳೆಯುತ್ತಿದ್ದ ಕೊಳಗ ದೊಡ್ಡದಿತ್ತು. ಆ ಸತ್ಯಾಗ್ರಹಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಇವತ್ತು ಇದೇ ಜಿಲ್ಲೆಯಲ್ಲಿ ಶರಾವತಿ ಮುಳುಗಡೆ ಸಂತ್ರಸ್ತರು ಹಕ್ಕುಪತ್ರಕ್ಕಾಗಿ ದಶಕಗಳಿಂದ ಅಲೆಯುತ್ತಿದ್ದಾರೆ.

ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೆ ಶಿವಪ್ಪ ನಾಯಕನ ಹೆಸರಿಟ್ಟಿದ್ದೇವೆ, ಒಳ್ಳೆಯದು. ಅರಮನೆಯ ಮರದ ಕಂಬಗಳನ್ನು ಗೆದ್ದಲಿನಿಂದ ಕಾಪಾಡೋದೂ ಬೇಕು. ಆದರೆ ಆತನ ನಿಜವಾದ ಪರಂಪರೆ ಇರೋದು ಒಂದು ಪ್ರಶ್ನೆಯಲ್ಲಿ: ನೆಲ ಅಳೆಯುವ ಕೋಲು ಯಾರ ಕೈಯಲ್ಲಿದೆ, ಅದು ಎಲ್ಲರಿಗೂ ಕಾಣುತ್ತಾ?