ಗುಲಾಮನಾಗಿ ಬಂದು ದಖನ್ ಆಳಿದ ಮಲಿಕ್ ಅಂಬರ್: ಪಠ್ಯಪುಸ್ತಕದ ಒಂದು ಸಾಲಿನ ಹಿಂದಿನ ಬದುಕು

ನವಿ ಮುಂಬಯಿಯ ಸಾನಪಾಡಾದಲ್ಲಿ ಶಾಲೆಗೆ ಹೋಗುವ ಕನ್ನಡದ ಮಕ್ಕಳು ಗುಲಾಮಗಿರಿಯ ಬಗ್ಗೆ ಇತಿಹಾಸದ ತರಗತಿಯಲ್ಲಿ ಮೊದಲ ಬಾರಿ ಕೇಳಿದಾಗ ಅವರ ಕಣ್ಣ ಮುಂದೆ ಬರುವುದು ಅಮೆರಿಕದ ಹತ್ತಿ ಹೊಲಗಳು, ಅಟ್ಲಾಂಟಿಕ್ ದಾಟಿದ ಹಡಗುಗಳು, ಅಬ್ರಹಾಂ ಲಿಂಕನ್. ಎಲ್ಲೋ ದೂರದ ದೇಶದ ಸಂಗತಿ ಎಂದುಕೊಂಡು ಪುಟ ತಿರುಗಿಸುತ್ತಾರೆ. ಆದರೆ ಶಿವಾಜಿ ಮಹಾರಾಜರ ಪೂರ್ವಜರ ಕಥೆ ಬಂದಾಗ ಒಂದು ಹೆಸರು ಎದುರಾಗುತ್ತದೆ. ಅಹಮದ್‌ನಗರದ ನಿಜಾಮಶಾಹಿಯ ವಜೀರ ಮಲಿಕ್ ಅಂಬರ್. ಆ ವಜೀರ ಬಾಲ್ಯದಲ್ಲಿ ಸಂತೆಯಲ್ಲಿ ಮಾರಾಟವಾದ ಹುಡುಗ, ಒಂದಲ್ಲ, ಹಲವು ಬಾರಿ ಕೈ ಬದಲಾದ ಗುಲಾಮ ಎಂಬುದು ಬಹಳಷ್ಟು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಅಂಬರ್ ಹುಟ್ಟಿದ್ದು ಸುಮಾರು 1548ರಲ್ಲಿ, ಆಫ್ರಿಕಾದ ಇಥಿಯೋಪಿಯಾದಲ್ಲಿ. ಹುಟ್ಟಿದಾಗಿನ ಹೆಸರು ಚಾಪು. ಎಳೆಯ ವಯಸ್ಸಿನಲ್ಲೇ ಗುಲಾಮರ ವ್ಯಾಪಾರಿಗಳ ಕೈಸೇರಿದ ಆತನನ್ನು ಕೆಂಪು ಸಮುದ್ರದ ಮೋಖಾ ಬಂದರಿನಲ್ಲಿ ಮಾರಲಾಯಿತು. ಮುಂದೆ ಅಂಬರನನ್ನು ಭೇಟಿಯಾದ ಡಚ್ ವ್ಯಾಪಾರಿ ಪೀಟರ್ ವಾನ್ ಡೆನ್ ಬ್ರೂಕ್ ಬರೆದಿಟ್ಟ ಪ್ರಕಾರ ಆಗ ಆ ಹುಡುಗನಿಗೆ ಕಟ್ಟಿದ ಬೆಲೆ 80 ಗಿಲ್ಡರ್. ಅಲ್ಲಿಂದ ಬಾಗ್ದಾದ್. ಅಲ್ಲಿ ಕೊಂಡುಕೊಂಡ ಮೀರ್ ಕಾಸಿಂ ಎಂಬ ಯಜಮಾನ ಹುಡುಗನ ಚುರುಕು ಕಂಡು ಓದು ಬರಹ ಕಲಿಸಿದ, ಇಸ್ಲಾಂಗೆ ಸೇರಿಸಿದ, ಅಂಬರ್ ಎಂದು ಹೊಸ ಹೆಸರಿಟ್ಟ. ಹೆಸರು, ಊರು, ಧರ್ಮ, ತಂದೆ ತಾಯಿ ಎಲ್ಲವೂ ಕೆಲವೇ ವರ್ಷಗಳಲ್ಲಿ ಹಿಂದೆ ಉಳಿದವು.

ಬಾಗ್ದಾದ್‌ನಿಂದ ಮತ್ತೆ ಕೈ ಬದಲಾಗಿ ಅಂಬರ್ ದಖನ್‌ಗೆ ಬಂದ. ಇಲ್ಲಿ ಅವನನ್ನು ಕೊಂಡವನು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ವಿಶೇಷವೆಂದರೆ ಈ ಚಂಗೀಜ್ ಖಾನ್ ಕೂಡ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬ್ಶಿ. ಆಫ್ರಿಕಾದಿಂದ ಬಂದವರನ್ನು ಆಗ ಇಲ್ಲಿ ಹಬ್ಶಿ ಎಂದು ಕರೆಯುತ್ತಿದ್ದರು. ಅವನ ಬಳಿ ಸುಮಾರು 1,000 ಹಬ್ಶಿ ಗುಲಾಮರಿದ್ದರು, ಅವರಲ್ಲಿ ಅಂಬರ್ ಒಬ್ಬ.

ಇಲ್ಲೊಂದು ಮಾತು ಹೇಳಬೇಕು. ದಖನ್‌ನ ಈ ಗುಲಾಮಗಿರಿ ಅಮೆರಿಕದ ತೋಟಗಳ ಗುಲಾಮಗಿರಿಯಂತೆ ಇರಲಿಲ್ಲ. ಸುಲ್ತಾನರಿಗೆ, ಸರದಾರರಿಗೆ ಬೇಕಾಗಿದ್ದದ್ದು ಸೈನಿಕರು. ಊರಿನಲ್ಲಿ ಬಂಧು ಬಳಗವಿಲ್ಲದ, ಯಜಮಾನನನ್ನು ಬಿಟ್ಟರೆ ಗತಿಯಿಲ್ಲದ ಮನುಷ್ಯ ನಿಷ್ಠನಾಗಿರುತ್ತಾನೆ ಎಂಬುದು ಅದರ ಲೆಕ್ಕಾಚಾರ. ಯಜಮಾನ ಸತ್ತಾಗ ಇಂಥವರು ಬಿಡುಗಡೆಯಾಗುವುದುಂಟು, ಸರದಾರರಾಗುವುದೂ ಉಂಟು. ಹಾಗೆಂದು ಇದನ್ನು ಮೃದುವಾದ ಗುಲಾಮಗಿರಿ ಎನ್ನುವವರಿದ್ದಾರೆ. ತಾಯಿಯ ಮಡಿಲಿನಿಂದ ಕಿತ್ತುಕೊಂಡು ಬಂದ ಮಗುವಿಗೆ ಅದು ಎಷ್ಟು ಮೃದುವಾಗಿತ್ತು ಎಂದು ಯಾವ ದರ್ಬಾರಿನ ಚರಿತ್ರೆಕಾರನೂ ಕೇಳಲಿಲ್ಲ.

1574-75ರ ಹೊತ್ತಿಗೆ ಚಂಗೀಜ್ ಖಾನ್ ತೀರಿಕೊಂಡ. ಅವನ ಹೆಂಡತಿ ಅಂಬರನನ್ನು ಬಿಡುಗಡೆ ಮಾಡಿದಳು. ಸ್ವತಂತ್ರನಾದ ಅಂಬರ್ ಮದುವೆಯಾದ, ಕೂಲಿ ಸೈನಿಕನಾಗಿ ಕೆಲಸ ಹುಡುಕಿ ಕನ್ನಡ ನಾಡಿನ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದ. ಆದಿಲಶಾಹಿ ದರ್ಬಾರಿನಲ್ಲಿ ಆಗ ಹಬ್ಶಿಗಳ ಪ್ರಭಾವ ದೊಡ್ಡದು. ಮಲಿಕ್ ಎಂಬ ಬಿರುದು ಅಂಬರನಿಗೆ ಸಿಕ್ಕಿದ್ದೂ ಅಲ್ಲೇ. ಆದರೆ ತನ್ನ ಜನರನ್ನು ಸಾಕಲು ಬೇಕಾದಷ್ಟು ನೆರವು ಸಿಗಲಿಲ್ಲವೆಂದು 1595ರ ಸುಮಾರಿಗೆ ಅಹಮದ್‌ನಗರಕ್ಕೆ ಮರಳಿದ. ಜೊತೆಗಿದ್ದದ್ದು 150 ಕುದುರೆ ಸವಾರರು.

ಅದು ಮೊಘಲರು ಅಹಮದ್‌ನಗರದ ಬಾಗಿಲು ಬಡಿಯುತ್ತಿದ್ದ ಕಾಲ. ಬಿಜಾಪುರದ ಅಲಿ ಆದಿಲಶಾಹನ ವಿಧವೆ ಚಾಂದ್ ಬೀಬಿ ತವರಿನ ಕೋಟೆಯನ್ನು ಕಾಯುತ್ತಿದ್ದಳು. 1600ರಲ್ಲಿ ಆಕೆಯ ಕೊಲೆಯಾಯಿತು, ಕೋಟೆ ಅಕ್ಬರನ ಸೇನೆಯ ವಶವಾಯಿತು. ರಾಜ್ಯ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಾಗ ಅಂಬರ್ ರಾಜಮನೆತನದ ಒಬ್ಬ ಯುವಕನನ್ನು ಹುಡುಕಿ ತಂದು ಪರಂಡಾದಲ್ಲಿ ಎರಡನೇ ಮುರ್ತಜಾ ನಿಜಾಮಶಾಹ ಎಂದು ಗದ್ದುಗೆಗೆ ಕೂರಿಸಿದ. ತನ್ನ ಮಗಳನ್ನೇ ಅವನಿಗೆ ಮದುವೆ ಮಾಡಿಕೊಟ್ಟ. ಮುಂದಿನ 26 ವರ್ಷ ರಾಜ್ಯ ನಡೆದದ್ದು ಅಂಬರನ ಬಲದಿಂದ.

ಆದರೆ ಗುಲಾಮ ಎಂಬ ಪದ ಬೆನ್ನು ಬಿಡಲಿಲ್ಲ. ಸುಲ್ತಾನನ ಹಿರಿಯ ರಾಣಿ ಅಂಬರನ ಮಗಳನ್ನು ಗುಲಾಮರ ಹುಡುಗಿ ಎಂದು ಹೀಯಾಳಿಸಿದಳಂತೆ. ಅದು ತಂದೆಯ ಕಿವಿಗೆ ಬಿತ್ತು. 1610ರಲ್ಲಿ ಸುಲ್ತಾನ, ರಾಣಿ ಇಬ್ಬರೂ ವಿಷಪ್ರಾಶನದಿಂದ ಸತ್ತರೆಂದೂ ಅದರ ಹಿಂದೆ ಅಂಬರ್ ಇದ್ದನೆಂದೂ ಆ ಡಚ್ ವ್ಯಾಪಾರಿಯ ಬರಹ ಹೇಳುತ್ತದೆ. ಗದ್ದುಗೆಗೆ ಇನ್ನೊಬ್ಬ ನಿಜಾಮಶಾಹ ಬಂದ, ಈ ಬಾರಿ ಒಬ್ಬ ಪುಟ್ಟ ಬಾಲಕ.

ಅತ್ತ ದೆಹಲಿ, ಆಗ್ರಾಗಳಲ್ಲಿ ಜಹಾಂಗೀರನಿಗೆ ಅಂಬರ್ ನಿದ್ದೆಗೆಡಿಸಿದ್ದ. ಬಯಲಿನಲ್ಲಿ ಮೊಘಲರ ದೊಡ್ಡ ಸೇನೆಗೆ ಎದುರು ನಿಲ್ಲುವುದು ಅಸಾಧ್ಯ ಎಂದು ಅಂಬರನಿಗೆ ಗೊತ್ತಿತ್ತು. ಮರಾಠಾ ಕುದುರೆ ಸವಾರರನ್ನು ಕಟ್ಟಿಕೊಂಡು ಘಟ್ಟದ ಸಂದಿಗಳಲ್ಲಿ ಅಡಗಿ ಹೊಡೆಯುವುದು, ದವಸ ಧಾನ್ಯದ ಸಾಗಾಟ ತಡೆಯುವುದು, ರಾತ್ರಿ ದಾಳಿ ಮಾಡಿ ಮಾಯವಾಗುವುದು ಅವನ ದಾರಿ. ಇಂಗ್ಲಿಷ್ ವ್ಯಾಪಾರಿ ವಿಲಿಯಂ ಫಿಂಚ್ ಲೆಕ್ಕದಲ್ಲಿ ಅಂಬರನ ಬಳಿ 10 ಸಾವಿರ ಹಬ್ಶಿಗಳೂ 40 ಸಾವಿರ ದಖನಿಗಳೂ ಇದ್ದರು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅಂಬರನ ಮೈಬಣ್ಣವನ್ನು ಮತ್ತೆ ಮತ್ತೆ ಹೀಯಾಳಿಸಿದ್ದಾನೆ. ಚಿತ್ರಕಾರ ಅಬುಲ್ ಹಸನ್ ಬರೆದ ಪ್ರಸಿದ್ಧ ಚಿತ್ರವೊಂದರಲ್ಲಿ ಭೂಗೋಳದ ಮೇಲೆ ನಿಂತ ಜಹಾಂಗೀರ್, ಭರ್ಚಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಅದು ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಿಜದಲ್ಲಿ ಆ ತಲೆ ಬಾದಶಹನಿಗೆ ಎಂದೂ ಸಿಗಲಿಲ್ಲ.

1624ರಲ್ಲಿ ಅಹಮದ್‌ನಗರದ ಹತ್ತಿರದ ಭಾತವಡಿಯಲ್ಲಿ ಮೊಘಲರೂ ಬಿಜಾಪುರದವರೂ ಒಟ್ಟಾಗಿ ಬಂದರು. ಅಂಬರ್ ಕೆರೆಯ ಕಟ್ಟೆ ಒಡೆಸಿ ಶತ್ರುಗಳ ದಾರಿಯನ್ನೆಲ್ಲ ಕೆಸರು ಮಾಡಿಸಿದ, ಗೆದ್ದ. ಅಂದು ಅವನ ಪಕ್ಷದಲ್ಲಿ ಹೋರಾಡಿದವರಲ್ಲಿ ಶಿವಾಜಿಯ ತಂದೆ ಶಹಾಜಿ ಭೋಸಲೆ ಒಬ್ಬರು. ಇದೇ ಶಹಾಜಿ ಮುಂದೆ ಬಿಜಾಪುರದ ಸೇವೆಗೆ ಸೇರಿ ಬೆಂಗಳೂರನ್ನು ಜಹಗೀರಾಗಿ ಪಡೆದರು. ಗೆಲುವಿನ ಹುಮ್ಮಸ್ಸಿನಲ್ಲಿ ಅಂಬರ್ ಬಿಜಾಪುರದ ಮೇಲೇ ಏರಿಹೋದ. ಎರಡನೇ ಇಬ್ರಾಹಿಂ ಆದಿಲಶಾಹ ಪ್ರೀತಿಯಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಗೆಡವಿದ. ಒಂದು ಕಾಲಕ್ಕೆ ತನಗೆ ಅನ್ನ, ಬಿರುದು ಎರಡನ್ನೂ ಕೊಟ್ಟ ಊರಿನ ಮಗ್ಗುಲಲ್ಲೇ ನಡೆದ ಈ ಲೂಟಿ ಕನ್ನಡಿಗರಿಗೆ ಅಷ್ಟು ಸುಲಭವಾಗಿ ಮೆಚ್ಚುಗೆಯಾಗುವಂಥದ್ದಲ್ಲ.

ಆತ ಕಟ್ಟಿದ್ದೂ ಇದೆ. 1610ರ ಸುಮಾರಿಗೆ ಖಡಕಿ ಎಂಬ ಹಳ್ಳಿಯನ್ನು ರಾಜಧಾನಿ ಮಾಡಿದ. ಅದೇ ಮುಂದೆ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ಗುಡ್ಡದ ನೀರನ್ನು ನೆಲದಡಿಯ ಕಾಲುವೆಗಳಲ್ಲಿ ಊರಿಗೆ ತಂದ ನಹರ್-ಎ-ಅಂಬರಿಯ ಭಾಗಗಳು ಇಂದಿಗೂ ಉಳಿದಿವೆ. ಜಮೀನು ಅಳೆದು, ಬೆಳೆ ನೋಡಿ ಕಂದಾಯ ನಿಗದಿ ಮಾಡಿದ ಕ್ರಮಕ್ಕೂ ಅವನ ಹೆಸರಿದೆ. ಆದರೆ ಗುಲಾಮರ ವ್ಯಾಪಾರವನ್ನು ಮಾತ್ರ ಅಂಬರ್ ನಿಲ್ಲಿಸಲಿಲ್ಲ. ತನ್ನ ಸೇನೆಗೆ ಬೇಕಾದ ಹಬ್ಶಿ ಹುಡುಗರನ್ನು ಆತನೂ ಕೊಂಡ.

ಹಬ್ಶಿಗಳ ಗುರುತು ಸಾನಪಾಡಾದ ಮಕ್ಕಳಿಗೆ ದೂರವೇನಲ್ಲ. ರಾಯಗಡ ಜಿಲ್ಲೆಯ ಮುರುಡ್ ಕಡಲಲ್ಲಿ ನಿಂತಿರುವ ಜಂಜಿರಾ ಕೋಟೆ ಆಫ್ರಿಕಾ ಮೂಲದ ಸಿದ್ದಿಗಳದು. ಅವರ ಸಂಸ್ಥಾನ 1948ರವರೆಗೂ ಇತ್ತು. ಇತ್ತ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡುವ ಸಿದ್ದಿಗಳಿದ್ದಾರೆ. ಅವರಲ್ಲಿ ಹಲವರ ಪೂರ್ವಜರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದ ಗುಲಾಮರು. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಆ ಸಮುದಾಯದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ಅಂಬರ್ 1626ರಲ್ಲಿ, 80ರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡ. ಏಳೇ ವರ್ಷಗಳಲ್ಲಿ ಮಗ ಫತೇಖಾನ್ ದೌಲತಾಬಾದ್ ಕೋಟೆಯನ್ನು ಮೊಘಲರಿಗೆ ಒಪ್ಪಿಸಿದ. ಅಂಬರನ ಗೋರಿ ಇರುವುದು ಎಲ್ಲೋರಾ ಗುಹೆಗಳಿಗೆ ಹತ್ತಿರದ ಖುಲ್ದಾಬಾದ್‌ನಲ್ಲಿ. ಔರಂಗಜೇಬನ ಸಮಾಧಿಯೂ ಅದೇ ಊರಿನಲ್ಲಿದೆ. ಬಾದಶಹನದು ಬಯಲಿನಲ್ಲಿರುವ ಮಣ್ಣಿನ ಗೋರಿ, ಗುಲಾಮನಾಗಿ ಬಂದವನದು ಗುಮ್ಮಟವಿರುವ ಕಲ್ಲಿನ ಕಟ್ಟಡ.